ಫಿಲಡೆಲ್ಫಿಯದ ಬಣ್ಣದ ಪಟಗಳು

ಅಮೆರಿಕಾ ದೇಶಕ್ಕೆ ಹೋಗಿಬಂದವರ ಪ್ರವಾಸಲೇಖನಗಳನ್ನು ಓದಿ ಓದಿ ವಾಚಕರಿಗೆ ಬೇಸರ ಹುಟ್ಟಿರಬಹುದು. ಮುಗಿಲು ಮುಟ್ಟುವ ಸೌಧಗಳು, ನಯಾಗರಾ ಜಲಪಾತ, ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯ ಪ್ರತಿಮೆ, ಇವುಗಳ ವರ್ಣನೆ ಈ ಬರೆಹದಲ್ಲಿ ದೊರೆಯಲಾರದು. ಅವನ್ನು ನಾನು ನೋಡಲಿಲ್ಲವೆಂದಲ್ಲ. ನೋಡಿದೆನು, ತಲೆದೂಗಿದೆನು, ಮರೆತೆನು. ಮರೆಯದೆ ಉಳಿದಿರುವುದು ಮೊಳದುದ್ದವೂ ಇಲ್ಲದ ಒಂದು ಕಾಗದದ ಹಾಳೆ. ಅದರ ದೆಸೆಯಿಂದ ನಾನು ನಿರಪರಾಧಿಯಾದ ಒಬ್ಬ ವ್ಯಾಪಾರಿಯನ್ನು ಮೋಸಗಾರನೆಂದು ಕರೆದೆನು; ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ಫಿಲಡೆಲ್ಫಿಯ ಪಟ್ಟಣದ ಬೀದಿಗಳನ್ನು ಮೂರು ದಿವಸ ಸುತ್ತಿದೆನು.

ನನ್ನ ಮಗಳ ಸಂಸಾರವು ಆ ಪಟ್ಟಣಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದೂರದಲ್ಲಿದೆ. ಮೂವತ್ತೈದು ವರ್ಷ ತಾಲ್ಲೂಕು ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ಮೇಲೆ ನಾನು ಅಲ್ಲಿಗೆ ಮೂರು ತಿಂಗಳ ಮಟ್ಟಿಗೆ ಹೋಗಿದ್ದೆನು. ಅವರ ಮನೆಯ ನಡುಕೋಣೆಯಲ್ಲಿ ಒಂದು ಚಿತ್ರಪಟ ತೂಗುಹಾಕಿತ್ತು. ಒಂದು ಉದ್ಯಾನದಲ್ಲಿ ಐದು ಜನ ಸ್ತ್ರೀಯರು ನಿಂತಿರುವರು. ಒಬ್ಬೊಬ್ಬಳ ಲಂಗವೂ ನಮ್ಮ ಕಣಜದಂತೆ ಉಬ್ಬಿ ನೆಲವನ್ನು ಮುಟ್ಟಿದೆ. ಸೊಂಟವಾದರೋ ಮುಷ್ಟಿಯಲ್ಲಿ ಹಿಡಿಯುವಷ್ಟು. ನಡುವಿನವಳ ಉಡುಪು ನವಿಲುಗತ್ತಿನ ನೀಲಿ. ಕೆಳಗೆ ಸಣ್ಣ ಅಕ್ಷರಗಳಲ್ಲಿ ಗೋಡಿ ಎಂಬವರ ಹೆಸರೂ, ಸಾವಿರದ ಎಂಟುನೂರ ಅರವತ್ತರ ದಶಕದ ಒಂದು ತಿಂಗಳೂ ಅಚ್ಚಾಗಿದ್ದವು. ಹಳೆಯ ಸಾಮಾನುಗಳ ಒಂದು ಅಂಗಡಿಯಲ್ಲಿ ಅದನ್ನು ಕೊಂಡುದಾಗಿ ಮಗಳು ಹೇಳಿದಳು. ಕೊಟ್ಟ ಬೆಲೆಯನ್ನು ಕೇಳಿ ರೂಪಾಯಿಗೆ ಪರಿವರ್ತಿಸಿದ ನಾನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ಅಪ್ಪಾ, ನಿಮಗೆ ಹಳೆಯ ಪುಸ್ತಕಗಳೆಂದರೆ ಪ್ರಾಣ. ಈ ಪತ್ರಿಕೆಯ ಸಂಪುಟಗಳು ಊರಿನ ಪುಸ್ತಕಭಂಡಾರದಲ್ಲಿವೆಯಂತೆ, ಹೋಗಿ ನೋಡಿ ಬನ್ನಿ" ಎಂದು ಅವಳು ನನ್ನನ್ನು ಕಳುಹಿಸಿಕೊಟ್ಟಳು. ಮನೆಯಲ್ಲಿ ಕುಳಿತು ಮೊಮ್ಮಗಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದವನನ್ನು ಹೊರಗೆ ಹೊರಡಿಸುವ ಉಪಾಯವೂ ಅದರಲ್ಲಿ ಇದ್ದಿರಬಹುದು.

ಫಿಲಡೆಲ್ಫಿಯದ ಬೀದಿಗಳನ್ನು ಕಂಡು ನನಗೆ ಬಹಳ ಸಂತೋಷವಾಯಿತು. ವಿಲಿಯಂ ಪೆನ್ ಎಂಬ ಮಹನೀಯನು 1682ರಲ್ಲಿ ಸೂತ್ರ ಹಿಡಿದು ಗೆರೆ ಎಳೆಯಿಸಿದ ಪಟ್ಟಣವಿದು. ಉತ್ತರದಕ್ಷಿಣವಾಗಿ ಹೋಗುವ ಬೀದಿಗಳಿಗೆ ಐದು, ಆರು, ಏಳು ಎಂದು ಅಂಕೆಗಳು. ಪೂರ್ವಪಶ್ಚಿಮವಾಗಿ ಹೋಗುವ ಅನೇಕ ಬೀದಿಗಳಿಗೆ ಚೆಸ್ಟ್‌ನಟ್, ವಾಲ್ನಟ್, ಲೋಕಸ್ಟ್, ಸ್ಪ್ರೂಸ್, ಪೈನ್ ಎಂದು ಮರಗಳ ಹೆಸರು. ಅಮರಕೋಶದ ವನೌಷಧಿವರ್ಗವನ್ನು ಯಾರೋ ನೆಲದ ಮೇಲೆ ಹಾಸಿಟ್ಟಂತೆ ಕಾಣುತ್ತದೆ. ದಾರಿ ತಪ್ಪುವುದು ಇಲ್ಲಿ ಕಷ್ಟದ ಕೆಲಸ. ಆದರೂ ನಾನು ಎರಡು ಸಲ ತಪ್ಪಿದೆನು.

ಲೋಕಸ್ಟ್ ಬೀದಿಯಲ್ಲಿರುವ ಆ ಪುಸ್ತಕಭಂಡಾರಕ್ಕೆ ಲೈಬ್ರರಿ ಕಂಪನಿ ಎಂದು ಹೆಸರು. ಹೆಸರಿನಲ್ಲಿ ಕಂಪನಿಯಿದ್ದರೂ ಅಲ್ಲಿ ವ್ಯಾಪಾರವಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಮಿತ್ರರೊಡನೆ ಚಂದಾ ಕೂಡಿಸಿ 1731ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಒಳಗೆ ಹೋಗುವವನು ಲೇಖನಿಯನ್ನೂ ಚೀಲವನ್ನೂ ಹೊರಗಿಡಬೇಕು. ಸೀಸದ ಕಡ್ಡಿಯೊಂದನ್ನು ಮಾತ್ರ ಒಯ್ಯಬಹುದು. ಗ್ರಂಥಪಾಲಕಿಯು ನಾನು ಕೇಳಿದ ಸಂಪುಟವನ್ನು ಎರಡು ಕೈಗಳಿಂದಲೂ ಹಿಡಿದು ತಂದು, ಮೆತ್ತನೆಯ ಆಸರೆಯ ಮೇಲೆ ಶಿಶುವನ್ನು ಮಲಗಿಸುವಂತೆ ಇಟ್ಟಳು. ನಮ್ಮ ಊರಿನ ಮಠದಲ್ಲಿ ಓಲೆಗರಿಗಳು ಅಟ್ಟದ ಮೇಲೆ ಹುಳು ಹಿಡಿಯುತ್ತಿದ್ದುದು ನೆನಪಾಗಿ, ಆ ಭಾಗ್ಯಶಾಲಿಯಾದ ಪುಸ್ತಕವನ್ನು ಕಂಡು ನನಗೆ ಸ್ವಲ್ಪ ಅಸೂಯೆಯೇ ಆಯಿತು.

ಇನ್ನು ಪತ್ರಿಕೆಯ ಸಂಗತಿ. ಲೂಯಿ ಗೋಡಿ ಎಂಬವನು ಇದೇ ಪಟ್ಟಣದಲ್ಲಿ 1830ರಲ್ಲಿ 'ಲೇಡೀಸ್ ಬುಕ್' ಎಂಬ ಮಾಸಪತ್ರಿಕೆಯನ್ನು ಹೊರಡಿಸಲು ತೊಡಗಿದನು. ವರ್ಷಕ್ಕೆ ಮೂರು ಡಾಲರು ಚಂದಾ. ಆ ಕಾಲಕ್ಕೆ ಅಗ್ಗವಲ್ಲ. ಅದರ ಹಿಂದೆಯೇ ಗ್ರಹಾಂ, ಪೀಟರ್ಸನ್ ಮೊದಲಾದವರ ಪತ್ರಿಕೆಗಳೂ ಇಲ್ಲಿಯೇ ಹುಟ್ಟಿಕೊಂಡವು. ಹೀಗೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕದ ಗೃಹಿಣಿಯರು ಓದುತ್ತಿದ್ದ ಮುಖ್ಯ ಪತ್ರಿಕೆಗಳಿಗೆಲ್ಲ ಫಿಲಡೆಲ್ಫಿಯವೇ ತವರುಮನೆಯಾಯಿತು. 1860ರ ಸುಮಾರಿಗೆ ಗೋಡಿಯ ಪತ್ರಿಕೆಗೆ ಒಂದೂವರೆ ಲಕ್ಷ ಪ್ರತಿಗಳ ಪ್ರಸಾರವಿತ್ತು. ಕತೆಗಳು, ಪದ್ಯಗಳು, ವಾದ್ಯಕ್ಕೆ ಸ್ವರಹಾಕಿದ ಹಾಡು, ಕಟ್ಟತಕ್ಕ ಮನೆಯ ನಕ್ಷೆ, ಕಸೂತಿಯ ಮಾದರಿ, ಅಡಿಗೆಯ ಕ್ರಮ, ಇಷ್ಟೂ ಒಂದೊಂದು ಸಂಚಿಕೆಯಲ್ಲಿ ಇರುತ್ತಿದ್ದವು. ಎಡ್ಗರ್ ಅಲನ್ ಪೋ ಬರೆದ, ಶತ್ರುವನ್ನು ನೆಲಮಾಳಿಗೆಯ ಗೋಡೆಯೊಳಗೆ ಜೀವಂತವಾಗಿ ಹೂಳುವ ಭಯಂಕರ ಕತೆಯು ಮೊದಲು ಅಚ್ಚಾದುದು ಇದರಲ್ಲಿಯೇ, 1846ರ ನವೆಂಬರಿನಲ್ಲಿ. ಲೇಸು ಹೆಣೆಯುವ ಮಾದರಿಗಳನ್ನು ಹುಡುಕಿಕೊಂಡು ಪುಟ ತಿರುವಿದ ಹೆಂಗಸರು ಆ ಕತೆಯನ್ನು ಓದಿ ಏನೆಂದುಕೊಂಡರೋ!

ಪರಂತು ಚಂದಾದಾರರು ಕಾದುಕೊಂಡಿರುತ್ತಿದ್ದುದು ಕತೆಗಲ್ಲ, ಬಣ್ಣದ ಫ್ಯಾಷನ್ ಪಟಕ್ಕೆ. ರೈಲು ಹೋಗದ ಹಳ್ಳಿಗಳಲ್ಲಿ ವಾಸಿಸುವ ಹೆಣ್ಣುಮಕ್ಕಳಿಗೆ ಪಟ್ಟಣದವರು ಏನನ್ನು ಉಡುತ್ತಾರೆಂದು ತಿಳಿಸುವ ಕಿಟಕಿ ಅದೊಂದೇ. ಬಟರಿಕ್ ಎಂಬ ದರ್ಜಿಯು ಅಳತೆಗೆ ತಕ್ಕ ಕಾಗದದ ಕತ್ತರಿಕೆಗಳನ್ನು ಮಾರಲು ತೊಡಗಿದುದು 1863ರಲ್ಲಿ. ಅದಕ್ಕೆ ಮೊದಲು ಬಹುಮಂದಿ ಈ ಪಟವನ್ನೇ ಮುಂದಿಟ್ಟುಕೊಂಡು, ಕಣ್ಣಳತೆಯಿಂದ ಬಟ್ಟೆ ಕತ್ತರಿಸಿ, ಕೈಯಲ್ಲಿ ಹೊಲಿಯಬೇಕಾಗಿತ್ತು. ಮೂಲವಾದರೋ ಪ್ಯಾರಿಸಿನದು. ಅಲ್ಲಿ ಕೊಲಿನ್ ವಂಶದ ಎಲೊಯಿಸ್, ಅನಾಯಿಸ್, ಲೋರ್ ಎಂಬ ಅಕ್ಕತಂಗಿಯರು ಇಂಥ ಚಿತ್ರಗಳನ್ನು ಬರೆಯುವುದರಲ್ಲಿ ಪ್ರಸಿದ್ಧರಾಗಿದ್ದರು. ಫ್ರೆಂಚ್ ಪಟಗಳು ಹಡಗಿನಲ್ಲಿ ಬಂದ ಮೇಲೆ ಅಮೆರಿಕದ ಕೆತ್ತನೆಗಾರರು ಅವನ್ನು ನೋಡಿ ಉಕ್ಕಿನ ತಗಡಿನ ಮೇಲೆ ಕೊರೆಯುತ್ತಿದ್ದರು; ಒಂದು ಪಟದಿಂದ ಇಬ್ಬರನ್ನೂ ಇನ್ನೊಂದರಿಂದ ಮೂವರನ್ನೂ ಕಿತ್ತು ತಂದು ಒಂದೇ ತೋಟದಲ್ಲಿ ನಿಲ್ಲಿಸುವುದೂ ಉಂಟು. ನಮ್ಮ ಪಟದ ಐವರು ಒಬ್ಬರನ್ನೊಬ್ಬರು ನೋಡದೆ ನಿಂತಿರುವುದಕ್ಕೆ ಕಾರಣ ಇದೇ ಇರಬಹುದೆಂದು ನನ್ನ ಊಹೆ.

ಪರದೇಶದ ಚಿತ್ರವನ್ನು ಸ್ವದೇಶಕ್ಕೆ ಒಗ್ಗಿಸುವುದರಲ್ಲಿ ಗೋಡಿ ಬಹಳ ಚತುರ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು ಗಂಡ ಮಕ್ಕಳೊಡನೆ ಕ್ರಿಸ್ಮಸ್ ಮರದ ಬಳಿ ನಿಂತಿರುವ ಚಿತ್ರವೊಂದು ಲಂಡನ್ನಿನ ಪತ್ರಿಕೆಯಲ್ಲಿ 1848ರಲ್ಲಿ ಪ್ರಕಟವಾಗಿತ್ತು. ಗೋಡಿಯು 1850ರ ಡಿಸೆಂಬರಿನಲ್ಲಿ ಅದನ್ನೇ ಅಚ್ಚಿಸಿದನು. ಆದರೆ ರಾಣಿಯ ಕಿರೀಟವನ್ನೂ ಅವಳ ಗಂಡನ ಮೀಸೆಯನ್ನೂ ಅಳಿಸಿಹಾಕಿಸಿದನು. ಅರಮನೆಯವರು ಒಂದೇ ರಾತ್ರಿಯಲ್ಲಿ ಅಮೆರಿಕದ ಸಾಮಾನ್ಯ ಕುಟುಂಬದವರಾದರು! ಆ ದೇಶದಲ್ಲಿ ಮನೆಮನೆಯಲ್ಲೂ ಮರವನ್ನು ಸಿಂಗರಿಸುವ ಪದ್ಧತಿ ಹಬ್ಬುವುದಕ್ಕೆ ಈ ಚಿತ್ರವು ಬಹಳ ಸಹಾಯ ಮಾಡಿತಂತೆ.

ಹೀಗೆ ಓದುತ್ತ ನೋಡುತ್ತ ನಮ್ಮ ಮನೆಯ ಪಟದ ತಿಂಗಳಿಗೆ ಬಂದೆನು. ಹಾಳೆಯನ್ನು ತಿರುವಿದೊಡನೆ ಬೆರಗಾದೆನು. ಅದೇ ಉದ್ಯಾನ, ಅವೇ ಐದು ಮುಖಗಳು, ಅವೇ ಬೀಸಣಿಗೆಗಳು. ರೇಖೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ನಡುವಿನವಳ ಉಡುಪು ನೀಲಿಯಲ್ಲ, ಎಳೆಯ ಬಾಳೆಯ ಸುಳಿಯಂಥ ಹಸುರು. ಎಡಗಡೆಯವಳ ಪಟ್ಟಿ ನಮ್ಮಲ್ಲಿ ಗುಲಾಬಿ, ಇಲ್ಲಿ ಹಳದಿ. ಎರಡು ನಿಮಿಷಗಳಲ್ಲಿ ನಾನು ತೀರ್ಪು ಕೊಟ್ಟುಬಿಟ್ಟೆನು. ಪುಸ್ತಕಭಂಡಾರದ್ದು ಮೂಲ; ಅಂಗಡಿಯವನು ಬಣ್ಣವಿಲ್ಲದ ಯಾವುದೋ ಹಾಳೆಗೆ ಈಚೆಗೆ ಬಣ್ಣ ಬಳಿದು ಮಗುವಿಗೆ ಮೋಸ ಮಾಡಿದ್ದಾನೆ! ಹೊರಗೆ ಬಂದು ದೂರವಾಣಿಯಲ್ಲಿ ಮಗಳಿಗೆ ಇದನ್ನೆಲ್ಲ ಹೇಳಿದೆನು. ಪಾಪ, ಅವಳು ಬಹಳ ನೊಂದುಕೊಂಡಳು. ಶನಿವಾರ ಪಟವನ್ನು ಹಿಂದಕ್ಕೆ ತೆಗೆದುಕೊಂಡುಹೋಗಿ ಹಣವನ್ನು ಕೇಳುವುದೆಂದು ನಿಶ್ಚಯವಾಯಿತು. ನಾನೂ ಜೊತೆಗೆ ಬಂದು ನಾಲ್ಕು ಮಾತನಾಡುವೆನೆಂದು ಭರವಸೆ ಕೊಟ್ಟೆನು. ಆ ದಿನ ಬುಧವಾರ.

ಮಾರನೆಯ ದಿನ ಪ್ರಮಾಣವನ್ನು ಬಲಪಡಿಸಿಕೊಳ್ಳಲೆಂದು ಪುನಃ ಹೋದೆನು. ನನ್ನ ದೂರನ್ನು ಕೇಳಿದ ಗ್ರಂಥಪಾಲಕಿಯು ನಗಲಿಲ್ಲ. ಅದು ಅವಳ ದೊಡ್ಡತನ. "ಈ ಪ್ರಶ್ನೆಯನ್ನು ಗೋಡಿಯ ಚಂದಾದಾರರೇ ಕೇಳಿದ್ದರು" ಎಂದು ಹೇಳಿ ಬೇರೊಂದು ಪುಸ್ತಕವನ್ನು ತಂದುಕೊಟ್ಟಳು. ಆಗ ತಿಳಿಯಿತು, ಈ ಬಣ್ಣಗಳು ಅಚ್ಚಿನ ಬಣ್ಣಗಳಲ್ಲವೆಂದು. ತಗಡಿನಿಂದ ಅಚ್ಚಾಗುತ್ತಿದ್ದುದು ಕಪ್ಪು ರೇಖೆ ಮಾತ್ರ. ಪ್ರತಿಯೊಂದು ಹಾಳೆಗೂ, ತಿಂಗಳು ತಿಂಗಳೂ, ಮನುಷ್ಯರು ಕುಂಚ ಹಿಡಿದು ಬಣ್ಣ ತುಂಬುತ್ತಿದ್ದರು. ಆ ಮನುಷ್ಯರೆಲ್ಲ ಹೆಂಗಸರು. ಇಂಥ ನೂರೈವತ್ತು ಮಂದಿ ಸ್ತ್ರೀಯರಿಗೆ ತಾನು ಕೆಲಸ ಕೊಟ್ಟಿರುವೆನೆಂದು ಗೋಡಿಯು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದನು. ಅಕ್ಕಪಕ್ಕದ ಮನೆಯವರು ತಮ್ಮ ತಮ್ಮ ಸಂಚಿಕೆಗಳನ್ನು ಹೋಲಿಸಿ ನೋಡಿ ಬಣ್ಣಗಳು ಹೊಂದಿಕೆಯಾಗದೆ ಇದ್ದುದನ್ನು ಕಂಡು ವಿಚಾರಿಸಿದಾಗ, ಅವನು ಕೊಟ್ಟ ಉತ್ತರ ಸ್ವಾರಸ್ಯವಾಗಿದೆ: ಬೇಕೆಂದೇ ಬೇರೆ ಬೇರೆ ಮಾದರಿಗಳಲ್ಲಿ ಬಣ್ಣ ಹಾಕಿಸುತ್ತಿರುವೆವು, ಒಂದೇ ಊರಿನ ಇಬ್ಬರು ತಮ್ಮ ಪಟಗಳನ್ನು ಹೋಲಿಸಿ, ಯಾರ ಮೈಬಣ್ಣಕ್ಕೆ ಯಾವುದು ಒಪ್ಪುವುದೋ ಅದನ್ನು ಆರಿಸಿಕೊಳ್ಳಬಹುದೆಂದು. ಇದು ನಿಜವೋ ಅಥವಾ ಜಾಣ ವ್ಯಾಪಾರಿಯ ಸಮಾಧಾನವೋ, ವಾಚಕರೇ ನಿರ್ಣಯಿಸಲಿ. ಒಬ್ಬಳ ಮಡಕೆಯಲ್ಲಿ ನೀಲಿ ಮುಗಿದಿದ್ದಾಗ ಹಸುರು ಒದಗಿಬಂದಿರಬಹುದೆಂದು ನನಗೆ ತೋರುತ್ತದೆ.

ನನಗಾದ ನಾಚಿಕೆಯನ್ನು ಏನೆಂದು ಹೇಳಲಿ? ಜೀವಮಾನವೆಲ್ಲ ಹಸ್ತಪ್ರತಿಗಳ ಪಾಠಾಂತರಗಳನ್ನು ಕುರಿತು ಪಾಠ ಹೇಳಿದವನು ನಾನು. ಎರಡು ಪ್ರತಿಗಳು ಭಿನ್ನವಾದೊಡನೆ ಒಂದನ್ನು ಕೃತ್ರಿಮವೆನ್ನಬಾರದೆಂದು ಎಷ್ಟು ಹುಡುಗರಿಗೆ ಬೋಧಿಸಿದ್ದೆನು! ಅಚ್ಚಿನ ಕಾಲದ ವಸ್ತುವೆಂಬ ಒಂದೇ ಕಾರಣಕ್ಕೆ, ಎಲ್ಲವೂ ಒಂದೇ ರೀತಿಯಾಗಿರಬೇಕೆಂದು ನಾನು ಭಾವಿಸಿದೆನು. ಈ ಹಾಳೆ ಅರ್ಧ ಅಚ್ಚು, ಅರ್ಧ ಹಸ್ತಪ್ರತಿ.

ಮೇಷ್ಟರ ಅಭ್ಯಾಸ ಬಿಡುವುದಿಲ್ಲ. ಸೀಸದ ಕಡ್ಡಿಯಿಂದ ಲೆಕ್ಕ ಮಾಡಿದೆನು. ಒಂದೂವರೆ ಲಕ್ಷ ಪ್ರತಿಗಳು, ನೂರೈವತ್ತು ಮಂದಿ, ಈ ಎರಡು ಸಂಖ್ಯೆಗಳನ್ನೂ ಒಟ್ಟಿಗೆ ಹಿಡಿದರೆ ಒಬ್ಬೊಬ್ಬಳ ಪಾಲಿಗೆ ತಿಂಗಳಿಗೆ ಸಾವಿರ ಹಾಳೆ. ಕೆಲಸದ ದಿನಗಳು ಇಪ್ಪತ್ತೈದೆಂದರೆ ದಿನಕ್ಕೆ ನಲವತ್ತು. ಹಾಳೆಗೆ ಐವರಂತೆ ದಿನಕ್ಕೆ ಇನ್ನೂರು ಉಡುಪುಗಳು. ಹತ್ತು ಗಂಟೆ ಎಡೆಬಿಡದೆ ದುಡಿದರೂ ಒಂದು ಉಡುಪಿಗೆ ಮೂರೇ ನಿಮಿಷ! ಅಷ್ಟರಲ್ಲಿ ಲಂಗದ ನೆರಿಗೆಗೆ ನೆರಳು ಕೊಡಬೇಕು, ಜಾಲರಿಯನ್ನು ಬಿಳಿಯಾಗಿ ಉಳಿಸಬೇಕು, ತುಟಿಗೆ ಕೆಂಪಿನ ಒಂದು ಚುಕ್ಕೆಯನ್ನಿಡಬೇಕು. ನಮ್ಮ ನೀಲಿ ಉಡುಪಿನವಳ ಬೆನ್ನ ಹಿಂದೆ, ಬಿಳಿಯ ಜಾಗದಲ್ಲಿ, ನೀಲಿಯು ಸಾಸುವೆ ಕಾಳಿನಷ್ಟು ಚೆಲ್ಲಿರುವುದನ್ನು ನಾನು ಮೊದಲೇ ಕಂಡಿದ್ದೆನು. ಅದನ್ನೂ ಕಳ್ಳತನದ ಗುರುತೆಂದು ಎಣಿಸಿದ್ದೆನು.

ಚಿತ್ರದೊಳಗಿನ ಆ ಹೆಂಗಸರು ಏನು ಮಾಡುತ್ತಿರುವರು? ಏನನ್ನೂ ಮಾಡುತ್ತಿಲ್ಲ. ಸಂಪುಟವನ್ನೆಲ್ಲ ತಿರುವಿ ನೋಡಿದೆನು. ಒಬ್ಬಳು ಬೀಸಣಿಗೆ ಹಿಡಿದಿರುವಳು, ಒಬ್ಬಳು ಪತ್ರವನ್ನು, ಒಬ್ಬಳು ಹೂವನ್ನು. ಕೈಗಳು ಮಗುವಿನ ಕೈಗಳಷ್ಟು ಸಣ್ಣವು. ಪಾದಗಳು ಕಾಣುವುದೇ ಅಪೂರ್ವ. ಮುಖಗಳೆಲ್ಲ ಒಂದೇ ಎರಕದಲ್ಲಿ ಹೊಯ್ದಂತಿವೆ. 1830ರ ಸುಮಾರಿನ ಪಟಗಳಲ್ಲಿ ತೋಳುಗಳು ದಿಂಬುಗಳಂತೆ ಉಬ್ಬಿದ್ದುವು. ಮುಂದಿನ ಹತ್ತು ವರ್ಷಗಳಲ್ಲಿ ತೋಳು ಬಿಗಿದು ಲಂಗ ಅಗಲವಾಯಿತು. 1856ರ ಹೊತ್ತಿಗೆ ಉಕ್ಕಿನ ಬಳೆಗಳ ಪಂಜರವಾದ ಕ್ರಿನೊಲಿನ್ ಬಂದಮೇಲೆ ಒಬ್ಬಳು ನಿಲ್ಲುವ ಜಾಗದಲ್ಲಿ ನಮ್ಮವರು ಮೂವರು ಕುಳಿತು ಊಟ ಮಾಡಬಹುದಾಗಿತ್ತು. ಇಂಥ ಆಲಸ್ಯದ ಅಪ್ಸರೆಯರಿಗೆ ಮೂರು ನಿಮಿಷಕ್ಕೊಬ್ಬಳಂತೆ ಬಣ್ಣ ತುಂಬುತ್ತಿದ್ದವರು ಬೆಳಕು ಇರುವ ತನಕ ಮೇಜಿನ ಮೇಲೆ ಬಗ್ಗಿದ್ದ ದುಡಿಮೆಗಾರ್ತಿಯರು.

ಅವರ ಹೆಸರುಗಳನ್ನು ಹುಡುಕಿದೆನು. ಪಟದ ಅಂಚಿನಲ್ಲಿ ಕೆತ್ತನೆಗಾರರಾದ ಕೇಪ್ವೆಲ್ ಮತ್ತು ಕಿಮೆಲ್ ಎಂಬವರ ಹೆಸರುಂಟು. ಪತ್ರಿಕೆಯ ಒಡೆಯನ ಹೆಸರುಂಟು. ಬಣ್ಣ ಹಾಕಿದವಳ ಹೆಸರಿಲ್ಲ. ನಮ್ಮ ಲಿಪಿಕಾರರು ಓಲೆಯ ಕೊನೆಯಲ್ಲಿ ಬೆನ್ನು ಬಾಗಿದುದನ್ನೂ ಕಣ್ಣು ಮಸುಕಾದುದನ್ನೂ ಹೇಳಿಕೊಂಡು ತಮ್ಮ ಹೆಸರನ್ನು ಬರೆಯುವುದುಂಟು. ಆ ಸೌಕರ್ಯವೂ ಇವರಿಗಿರಲಿಲ್ಲ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ಶಕುಂತಲೆಯ ಚಿತ್ರವನ್ನು ಬರೆಯುತ್ತಿರುವಾಗ ಕುಂಚಗಳ ಪೆಟ್ಟಿಗೆಯನ್ನು ತರುವುದಕ್ಕೆ ಹೋದ ದಾಸಿಯ ಹೆಸರು ಚತುರಿಕೆ. ಪೆಟ್ಟಿಗೆ ಹೊತ್ತವಳ ಹೆಸರನ್ನು ಕಾಳಿದಾಸನು ಉಳಿಸಿಕೊಟ್ಟನು. ಇಲ್ಲಿ ಕುಂಚ ಹಿಡಿದವರ ಹೆಸರೇ ಉಳಿಯಲಿಲ್ಲ.

ಉಳಿದಿರುವುದು ಬೇರೊಬ್ಬ ಸ್ತ್ರೀಯ ಹೆಸರು. ಮೂರನೆಯ ದಿನ, ಶುಕ್ರವಾರ, ಸ್ಪ್ರೂಸ್ ಬೀದಿಯ 922ನೆಯ ಸಂಖ್ಯೆಯ ಬಳಿಗೆ ಹೋಗಿ ನಿಂತೆನು. ಅಲ್ಲಿ ನೀಲಿಯ ಫಲಕವೊಂದು ಸಾರಾ ಜೊಸೀಫಾ ಹೇಲ್ ಎಂಬಾಕೆಯನ್ನು ಸ್ಮರಿಸುತ್ತದೆ. 1837ರಿಂದ 1877ರ ವರೆಗೆ, ನಲವತ್ತು ವರ್ಷ, ಆಕೆಯೇ ಈ ಪತ್ರಿಕೆಯ ಸಂಪಾದಕಿ. 1788ರಲ್ಲಿ ನ್ಯೂ ಹ್ಯಾಂಪ್ಷೈರಿನ ಹಳ್ಳಿಯ ಕಡೆ ಹುಟ್ಟಿದವಳು. 1822ರಲ್ಲಿ ಗಂಡ ತೀರಿಕೊಂಡಾಗ ಕೈಯಲ್ಲಿ ನಾಲ್ಕು ಮಕ್ಕಳು, ಐದನೆಯದು ಗರ್ಭದಲ್ಲಿ. ನಾದಿನಿಯೊಡನೆ ಟೋಪಿಗಳನ್ನು ಹೊಲಿದು ಮಾರುವ ಅಂಗಡಿಯನ್ನಿಟ್ಟಳು, ಅದು ನಡೆಯಲಿಲ್ಲ. 1827ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದಳು. ಅದನ್ನು ಓದಿ ಬಾಸ್ಟನ್ನಿನವರು ಹೆಂಗಸರ ಪತ್ರಿಕೆಯೊಂದನ್ನು ನಡೆಸಲು ಕರೆದರು. ಆ ಪತ್ರಿಕೆಯನ್ನು ಗೋಡಿಯು ಕೊಂಡು ತನ್ನದರಲ್ಲಿ ಸೇರಿಸಿಕೊಂಡು, ಸಂಪಾದಕಿಯನ್ನೂ ಪಡೆದನು. ಕುರಿಮರಿಯು ಶಾಲೆಗೆ ಬಂದ ಕತೆಯ ಇಂಗ್ಲಿಷ್ ಶಿಶುಗೀತವನ್ನು ನಮ್ಮ ಮಕ್ಕಳೂ ಹೇಳುವರಷ್ಟೆ. 1830ರಲ್ಲಿ ಅದನ್ನು ಪ್ರಕಟಿಸಿದವಳು ಈಕೆಯೇ.

ಈ ಹೇಲಮ್ಮನಿಗೆ ಫ್ಯಾಷನ್ ಪಟಗಳೆಂದರೆ ಆಗುತ್ತಿರಲಿಲ್ಲ. ಸೊಂಟವನ್ನು ಬಿಗಿದು ಉಸಿರು ಕಟ್ಟಿಸಿಕೊಳ್ಳುವುದನ್ನು ಅವಳು ಖಂಡಿಸುತ್ತಿದ್ದಳು. ಹೆಣ್ಣುಮಕ್ಕಳು ವಿದ್ಯೆ ಕಲಿಯಬೇಕು, ವೈದ್ಯರಾಗಬೇಕು, ಅಧ್ಯಾಪಿಕೆಯರಾಗಬೇಕು ಎಂದು ತಿಂಗಳು ತಿಂಗಳೂ ಬರೆದಳು. ವಾಸರ್ ಎಂಬ ಸ್ತ್ರೀವಿದ್ಯಾಲಯದ ಹೆಸರಿನಲ್ಲಿದ್ದ ಇಂಗ್ಲಿಷಿನ 'ಫೀಮೇಲ್' ಎಂಬ ಪದವು ಪಶುಗಳಿಗೂ ಸಲ್ಲುವಂಥದು, ಹೆಂಗಸರಿಗೆ ಅಗೌರವವೆಂದು ಹೋರಾಡಿ, 1867ರಲ್ಲಿ ಅದು ಹೋಗುವಂತೆ ಮಾಡಿದಳು. ಶಬ್ದದ ವಿಷಯದಲ್ಲಿ ಇಷ್ಟು ನಿಷ್ಠುರಳಾದವಳ ಮೇಲೆ ನನಗೆ ವಿಶೇಷ ಗೌರವ. ಅಮೆರಿಕದವರು ಆಚರಿಸುವ ಕೃತಜ್ಞತೆಯ ಹಬ್ಬವನ್ನು ಇಡೀ ದೇಶಕ್ಕೆ ಒಂದೇ ದಿನ ಗೊತ್ತುಮಾಡಬೇಕೆಂದು ಅಧ್ಯಕ್ಷರಿಗೆ ಪತ್ರ ಬರೆದು ಬರೆದು, ಕಡೆಗೆ 1863ರಲ್ಲಿ ಲಿಂಕನ್ನನಿಂದ ಅದನ್ನು ಘೋಷಿಸುವಂತೆ ಮಾಡಿದವರಲ್ಲಿ ಇವಳೇ ಮುಖ್ಯಳು. ಹೆಂಗಸರಿಗೆ ಮತಾಧಿಕಾರ ಬೇಕೆಂದು ಮಾತ್ರ ಇವಳು ಒಪ್ಪಲಿಲ್ಲ.

ಗಂಡನು ತೀರಿಕೊಂಡ ದಿನದಿಂದ 1879ರಲ್ಲಿ ತನ್ನ ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಮುಚ್ಚುವ ವರೆಗೆ ಅವಳು ಉಟ್ಟುದು ಕಪ್ಪು ಬಟ್ಟೆ. ಅವಳ ಲೇಖನಗಳಿಗೆ ಓದುಗರನ್ನು ತಂದುಕೊಟ್ಟುದು ಮೊದಲ ಪುಟದ ಆ ಬಣ್ಣದ ಲಂಗಗಳೇ. ಇದು ಅವಳಿಗೂ ತಿಳಿದಿತ್ತು, ಗೋಡಿಗೂ ತಿಳಿದಿತ್ತು.

ಆ ಫಲಕದ ಕೆಳಗೆ ನಿಂತಿದ್ದಾಗ ನನಗೆ ನಮ್ಮ ತಂದೆಯವರ ಸೋದರತ್ತೆಯ ನೆನಪಾಯಿತು. ಹದಿನೈದನೆಯ ವಯಸ್ಸಿನಲ್ಲಿಯೇ ವಿಧವೆಯಾದ ಆಕೆ ಬದುಕಿರುವಷ್ಟು ಕಾಲವೂ ಒಂದೇ ಬಗೆಯ ಕೆಂಪು ಮಡಿಸೀರೆಯನ್ನು ಉಟ್ಟಳು. ನೆಂಟರಿಷ್ಟರಲ್ಲಿ ಯಾರ ಮನೆಯ ಮದುವೆಯಾದರೂ ಹಸೆಯ ಮೇಲೆ ಬಣ್ಣದ ರಂಗವಲ್ಲಿ ಬಿಡಿಸುವುದಕ್ಕೆ ಬೆಳಗಿನ ಜಾವದಲ್ಲಿ ಅವಳೇ ಬೇಕು. ಅಂಥ ಕೈ ಮತ್ತೊಬ್ಬರದಿರಲಿಲ್ಲ. ಮುಹೂರ್ತದ ಹೊತ್ತಿಗೆ ಅವಳು ಹಿತ್ತಲಿನಲ್ಲಿರುತ್ತಿದ್ದಳು. ನಾನು ಹುಡುಗನಾಗಿದ್ದಾಗ ಇದನ್ನು ಕಂಡಿದ್ದೆನು, ಏಕೆಂದು ಕೇಳಿರಲಿಲ್ಲ.

ಪತ್ರಿಕೆಯನ್ನು ಹೊಗಳುತ್ತಲೇ ಹೋಗಲಾರೆನು. 1861ರಿಂದ 1865ರ ವರೆಗೆ ಆ ದೇಶವು ತನ್ನೊಳಗೇ ಯುದ್ಧ ಮಾಡಿ ಆರು ಲಕ್ಷಕ್ಕೂ ಮಿಕ್ಕಿದ ಜನರನ್ನು ಕಳೆದುಕೊಂಡಿತು. 1863ರ ಜುಲೈ ತಿಂಗಳಲ್ಲಿ ಗೆಟ್ಟಿಸ್‌ಬರ್ಗಿನ ಘೋರ ಕದನವು ನಡೆದುದು ಇದೇ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ. ಆ ವರ್ಷಗಳ ಸಂಪುಟಗಳನ್ನು ತೆರೆದರೆ ಕ್ರಿನೊಲಿನ್‌ಗಳು, ಕೊಡೆಗಳು, ಹೂದೋಟಗಳು! ಮನೆಯೊಳಗೆ ರಾಜಕೀಯ ಬರಕೂಡದೆಂಬುದು ಗೋಡಿಯ ನಿಯಮ. ದಕ್ಷಿಣದ ಪ್ರಾಂತಗಳಲ್ಲಿಯೂ ಅವನಿಗೆ ಚಂದಾದಾರರಿದ್ದರೆಂಬುದನ್ನು ಮರೆಯಬಾರದು. ಗ್ರೇಸ್ ಗ್ರೀನ್‌ವುಡ್ ಎಂಬ ಲೇಖಕಿಯು ಗುಲಾಮಗಿರಿಯನ್ನು ವಿರೋಧಿಸುವ ಪತ್ರಿಕೆಯೊಂದಕ್ಕೂ ಬರೆಯುತ್ತಾಳೆಂದು ದಕ್ಷಿಣದವರು ಗದ್ದಲ ಮಾಡಲು, 1850ರ ಸುಮಾರಿನಲ್ಲಿ ಅವಳ ಹೆಸರನ್ನು ತನ್ನ ಪತ್ರಿಕೆಯಿಂದ ತೆಗೆದುಹಾಕಿದನು. ಗುಲಾಮರು ಬಿಡಿಸಿದ ಹತ್ತಿಯ ಬಟ್ಟೆಯನ್ನು ಕೋಟ್ಯಂತರ ಜನ ಉಡುತ್ತಿದ್ದ ಕಾಲದಲ್ಲಿ, ಉಡುಪಿನ ಪತ್ರಿಕೆಯೊಂದು ಆ ವಿಷಯದಲ್ಲಿ ಬಾಯಿ ಬಿಡದೆ ಇದ್ದುದು ನನಗೆ ಸರಿಯೆನಿಸಲಿಲ್ಲ. ಇಷ್ಟಾಗಿ, ಯುದ್ಧ ಬಂದಾಗ ಆ ದಕ್ಷಿಣದ ಚಂದಾದಾರರೂ ಕೈಬಿಟ್ಟುಹೋದರು.

ಗೋಡಿಯ ಕಾರ್ಯಾಲಯವನ್ನು ನೋಡಬೇಕೆಂಬ ಆಸೆಯಿಂದ ಅಲ್ಲಿಂದ ಆರನೆಯ ಬೀದಿಗೆ ನಡೆದೆನು. ವಾಲ್ನಟ್ ಬೀದಿ ಕೂಡುವಲ್ಲಿ ಕರ್ಟಿಸ್ ಎಂಬವರ ಮಹಾಸೌಧವಿದೆ. ಅವರ 'ಲೇಡೀಸ್ ಹೋಂ ಜರ್ನಲ್' 1883ರಲ್ಲಿ ಹುಟ್ಟಿ, ಇಪ್ಪತ್ತು ವರ್ಷಗಳಲ್ಲಿ ಹತ್ತು ಲಕ್ಷ ಚಂದಾದಾರರನ್ನು ಗಳಿಸಿ, ಹಳಬರನ್ನೆಲ್ಲ ಮೂಲೆಗೆ ತಳ್ಳಿತು. ಇನ್ನಷ್ಟು ಮುಂದೆ ನಡೆದರೆ ಚೆಸ್ಟ್‌ನಟ್ ಬೀದಿ. ಅಲ್ಲಿನ ಈಶಾನ್ಯ ಮೂಲೆಯೇ ಗೋಡಿಯ ಕೊನೆಕೊನೆಯ ಕಾಲದ ವಿಳಾಸ; ಎದುರಿಗೆ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯವನ್ನು ಸಾರಿದ ಸಭಾಮಂದಿರ. ಆ ಮೂಲೆಯಲ್ಲಿ ಈಗ ಹಳೆಯ ಕಟ್ಟಡ ಒಂದೂ ಇಲ್ಲ. ಮಂದಿರದ ಮುಂದೆ ಬಯಲಿರಲೆಂದು ಇಪ್ಪತ್ತನೆಯ ಶತಮಾನದ ನಡುವೆ ಅಲ್ಲಿನ ಬೀದಿಗಟ್ಟಲೆ ಮನೆಗಳನ್ನು ಕೆಡವಿಹಾಕಿದರು. ಒಡಕು ಬಿಟ್ಟ ಸ್ವಾತಂತ್ರ್ಯದ ಗಂಟೆಯನ್ನು 2003ರಿಂದ ಆ ಬಯಲಿನಲ್ಲಿ ಹೊಸ ಮಂಟಪವೊಂದರಲ್ಲಿ ಇಟ್ಟಿದ್ದಾರೆ. ಅದನ್ನು ನೋಡಲು ಜನರು ಉದ್ದನೆಯ ಸಾಲಿನಲ್ಲಿ ನಿಂತಿದ್ದರು. ನಾನೊಬ್ಬನೇ ಗಂಟೆಗೆ ಬೆನ್ನುಮಾಡಿ ಹುಲ್ಲನ್ನು ನೋಡುತ್ತ ನಿಂತಿದ್ದುದನ್ನು ಕಂಡು ಕಾವಲುಗಾರನು ಏನು ಬೇಕೆಂದು ಕೇಳಿದನು. ಏನೆಂದು ಹೇಳಲಿ? "ಗಾಳಿಗಾಗಿ ನಿಂತೆ" ಎಂದೆನು.

ಗೋಡಿಯು 1877ರಲ್ಲಿ ಪತ್ರಿಕೆಯನ್ನು ಮಾರಿ ಮರುವರ್ಷ ತೀರಿಕೊಂಡನು. ಅವನೂ ಹೇಲಮ್ಮನೂ ಷೂಲ್‌ಕಿಲ್ ನದಿಯ ಮೇಲಣ ಲಾರೆಲ್ ಹಿಲ್ ಎಂಬ ಶ್ಮಶಾನದಲ್ಲಿದ್ದಾರೆ. ಪತ್ರಿಕೆಯು ಕೈಯಿಂದ ಕೈಗೆ ಹೋಗಿ 1898ರಲ್ಲಿ ಇನ್ನೊಂದರಲ್ಲಿ ಲೀನವಾಯಿತು. ಅಷ್ಟರೊಳಗೆ ಬಣ್ಣವನ್ನೂ ಯಂತ್ರವೇ ಅಚ್ಚುಹಾಕಲು ಕಲಿತುದರಿಂದ ಕುಂಚದವರಿಗೆ ಕೆಲಸವಿಲ್ಲದೆ ಹೋಯಿತು.

ಶುಕ್ರವಾರ ಸಂಜೆ ಮನೆ ಸೇರಿ ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ನನ್ನ ತಪ್ಪನ್ನು ಒಪ್ಪಿಕೊಂಡೆನು. ಅರವತ್ತರ ಮೇಷ್ಟರಿಗೆ ಅದು ಸುಲಭವಲ್ಲ. ಮಗಳು ಅಷ್ಟುಹೊತ್ತಿಗೆ ಪಟವನ್ನು ಗೋಡೆಯಿಂದಿಳಿಸಿ, ಹಳೆಯ ದುಪ್ಪಟಿಯಲ್ಲಿ ಸುತ್ತಿ, ಬಾಗಿಲ ಬಳಿ ಇಟ್ಟಿದ್ದಳು. ಬಿಚ್ಚಿ ಮೇಜಿನ ಮೇಲೆ ಮಲಗಿಸಿದೆವು. ಮೊಮ್ಮಗಳು ತನ್ನ ಭೂತಗನ್ನಡಿಯನ್ನು ತಂದಳು. ನೀಲಿ ಉಡುಪಿನ ಬೆನ್ನ ಹಿಂದಿನ ಆ ಸಾಸುವೆಕಾಳಿನಷ್ಟು ಕಲೆಯನ್ನು ತೋರಿಸಿದೆನು. ಅವಳು ಬಹಳ ಹೊತ್ತು ನೋಡಿ, "ತಾತ, ಇಲ್ಲೊಂದು ಇದೆ" ಎಂದು ಬಲಗಡೆಯವಳ ತೋಳಿನ ಬಳಿ ಬೆರಳಿಟ್ಟಳು. ಅಲ್ಲಿ ಗುಲಾಬಿಯು ರೇಖೆಯನ್ನು ಮೀರಿ ಹರಿದಿತ್ತು. ಹರಿದುದನ್ನು ಒರೆಸಿದ ಗುರುತೂ ಇತ್ತು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಚೌಕಟ್ಟಿನ ಹಿಂಬದಿಯನ್ನು ತಿರುವಿ ನೋಡಿದೆವು, ಏನೂ ಬರೆದಿರಲಿಲ್ಲ. ಇಂಥ ಹಳೆಯ ಕೆಂಪು ಬಣ್ಣಗಳಿಗೆ ಬಿಸಿಲು ಆಗದೆಂದು ಗ್ರಂಥಪಾಲಕಿಯು ಹೇಳಿದ್ದಳು. ಅದಕ್ಕಾಗಿ ಅಳಿಯನು ಅದೇ ರಾತ್ರಿ ಹೊಸದೊಂದು ಮೊಳೆಯನ್ನು ಹೊಡೆದು, ಕಿಟಕಿಗೆ ಎದುರಾದ ಗೋಡೆಯಿಂದ ಒಳಗೋಡೆಗೆ ಪಟವನ್ನು ಬದಲಾಯಿಸಿದನು.